ನಡೆಯದ ಕಾಳಗದ ಲೆಕ್ಕ

ಕ್ರಿಕೆಟ್ ಅಭಿಮಾನಿಗಳು ಜಗಳವಾಡುವುದು ಆಡಿದ ಪಂದ್ಯಗಳ ಬಗ್ಗೆ. ಯಾರು ಎಷ್ಟು ರನ್ ಹೊಡೆದರು, ಯಾವ ಅಂಪೈರ್ ಯಾರಿಗೆ ತಪ್ಪಾಗಿ ಔಟ್ ಕೊಟ್ಟ ಎಂಬುದೇ ಅಲ್ಲಿ ಚರ್ಚೆ. ಹೆವಿವೇಟ್ ಬಾಕ್ಸಿಂಗ್ ಅಭಿಮಾನಿಗಳ ರೀತಿಯೇ ಬೇರೆ. ಅವರ ಜಗಳದಲ್ಲಿ ದೊಡ್ಡ ಪಾಲು ಆಡದೇ ಉಳಿದ ಪಂದ್ಯಗಳದ್ದು. ಚಾಂಪಿಯನ್ ಒಬ್ಬನ ಹೆಸರೆತ್ತಿದರೆ ಸಾಕು, ‘ಯಾರನ್ನು ಸೋಲಿಸಿದ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಯಾರಿಂದ ತಪ್ಪಿಸಿಕೊಂಡ?’ ಎಂಬ ಪ್ರಶ್ನೆಯೂ ಬರುತ್ತದೆ.

ಇದಕ್ಕೆ ಕಾರಣ ಆ ಆಟದ ವ್ಯವಸ್ಥೆಯಲ್ಲೇ ಇದೆ. ವಿಶ್ವಕಪ್‌ನಲ್ಲಿ ಎದುರಾಳಿ ಯಾರೆಂದು ವೇಳಾಪಟ್ಟಿ ಹೇಳುತ್ತದೆ. ವಿಂಬಲ್ಡನ್‌ನಲ್ಲಿ ಡ್ರಾ ಹೇಳುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹಾಗಿಲ್ಲ. ಚಾಂಪಿಯನ್, ಅವನ ಮ್ಯಾನೇಜರ್, ಪ್ರಮೋಟರ್ ಮತ್ತು ಟಿ.ವಿ. ಕಂಪೆನಿ ಕುಳಿತು ವ್ಯವಹಾರ ಕುದುರಿಸಿದರೆ ಮಾತ್ರ ಪಂದ್ಯ. ಪಟ್ಟ ಯಾರ ಸೊಂಟದಲ್ಲಿದೆಯೋ, ಎದುರಾಳಿಯನ್ನು ಆರಿಸುವ ಅಧಿಕಾರವೂ ಬಹುಮಟ್ಟಿಗೆ ಅವನದೇ. ಪರೀಕ್ಷೆ ಬರೆಯುವವನೇ ಪ್ರಶ್ನೆಪತ್ರಿಕೆಯನ್ನೂ ಸಿದ್ಧಪಡಿಸಿದಂತೆ!

ಈ ಜಗಳಕ್ಕೆ 1990ರ ದಶಕ ಕೊಟ್ಟ ದೊಡ್ಡ ಸರಕು ರಿಡಿಕ್ ಬೋ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ಬೋ ಮತ್ತು ಆಗ ಕೆನಡಾ ಪರ ಆಡುತ್ತಿದ್ದ ಲೆನಾಕ್ಸ್ ಲೂಯಿಸ್ ಎದುರಾಗಿದ್ದರು. ಎರಡನೆಯ ಸುತ್ತಿನಲ್ಲೇ ರೆಫರಿ ಪಂದ್ಯ ನಿಲ್ಲಿಸಿದ, ಚಿನ್ನ ಲೆನಾಕ್ಸ್‌ಗೆ. ನಾಲ್ಕು ವರ್ಷಗಳ ನಂತರ ಇಬ್ಬರೂ ವೃತ್ತಿಪರರಾಗಿ ಬೆಳೆದು ನಿಂತಿದ್ದರು. 1992ರ ಅಕ್ಟೋಬರ್ 31ರಂದು ಲಂಡನ್‌ನಲ್ಲಿ ಲೆನಾಕ್ಸ್ ಎರಡೇ ಸುತ್ತಿನಲ್ಲಿ ರೇಜರ್ ರಡಾಕ್‌ನನ್ನು ಮಲಗಿಸಿದ. ಎರಡು ವಾರ ಕಳೆದು, ನವೆಂಬರ್ 13ರಂದು, ಲಾಸ್ ವೇಗಾಸ್‌ನಲ್ಲಿ ಬೋ ಹನ್ನೆರಡು ಸುತ್ತುಗಳ ಘೋರ ಹೋರಾಟದಲ್ಲಿ ಇವಾಂಡರ್ ಹೋಲಿಫೀಲ್ಡ್‌ನನ್ನು ಸೋಲಿಸಿ ನಿರ್ವಿವಾದ ಚಾಂಪಿಯನ್ ಆದ. ಇಬ್ಬರು ವಿಜೇತರು ಮುಂದೆ ಪರಸ್ಪರ ಸೆಣಸಬೇಕು ಎಂಬುದು ಮೊದಲೇ ಆಗಿದ್ದ ಮಾತು.

ಆದರೆ ಹಣದ ಹಂಚಿಕೆ ಕುದುರಲಿಲ್ಲ. ಡಿಸೆಂಬರ್ 14ರಂದು ಲಂಡನ್‌ನ ಪತ್ರಿಕಾಗೋಷ್ಠಿಯಲ್ಲಿ ಬೋ ತನ್ನ ಡಬ್ಲ್ಯುಬಿಸಿ ಬೆಲ್ಟನ್ನು ಎತ್ತಿ ಕಸದ ಡಬ್ಬಿಗೆ ಹಾಕಿದ. ರಿಂಗ್ ಹತ್ತದೆಯೇ ಲೆನಾಕ್ಸ್ ಡಬ್ಲ್ಯುಬಿಸಿ ಚಾಂಪಿಯನ್ ಆದ.

ಬೋ ಅಭಿಮಾನಿಗಳು ಇಂದಿಗೂ ಬಿಟ್ಟುಕೊಡುವುದಿಲ್ಲ. ಹೋಲಿಫೀಲ್ಡ್‌ನಂಥ ಗಟ್ಟಿಗನ ಎದುರು ಮೂರು ಬಾರಿ ನಿಂತು ಎರಡು ಬಾರಿ ಗೆದ್ದವನನ್ನು ಹೇಡಿ ಎನ್ನುವುದು ಹೇಗೆ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಎದುರು ಪಕ್ಷದವರು ಮುಂದಿಡುವ ದಾಖಲೆಯೂ ಸಣ್ಣದಲ್ಲ. ಲೆನಾಕ್ಸ್‌ನನ್ನು ಬಿಟ್ಟ ಬೋ ಆಮೇಲೆ ಆರಿಸಿಕೊಂಡದ್ದು ಯಾರನ್ನು? 1993ರ ಫೆಬ್ರುವರಿಯಲ್ಲಿ ಕಾಲ ಮೀರಿದ ಮಾಜಿ ಚಾಂಪಿಯನ್ ಮೈಕೆಲ್ ಡೋಕ್ಸ್‌ನನ್ನು. ಮೊದಲ ಸುತ್ತಿನಲ್ಲೇ ಮುಗಿಯಿತು. ಮೇ ತಿಂಗಳಲ್ಲಿ ಜೆಸ್ಸಿ ಫರ್ಗ್ಯುಸನ್‌ನನ್ನು. ಅದು ಎರಡನೆಯ ಸುತ್ತಿಗೆ. ನವೆಂಬರ್‌ನಲ್ಲಿ ಅದೇ ಹೋಲಿಫೀಲ್ಡ್ ಪಟ್ಟವನ್ನು ಮರಳಿ ಕಿತ್ತುಕೊಂಡ. ಬೋ–ಲೆನಾಕ್ಸ್ ಕಾಳಗ ವೃತ್ತಿಪರ ರಿಂಗ್‌ನಲ್ಲಿ ನಡೆಯಲೇ ಇಲ್ಲ. ತನ್ನ ವೃತ್ತಿಯಲ್ಲಿ ಒಂದೇ ಒಂದು ಪಂದ್ಯ ಸೋತ ಬೋ ಹೆಸರೆತ್ತಿದಾಗ ಜನಕ್ಕೆ ಮೊದಲು ನೆನಪಾಗುವುದು ಆ ಕಸದ ಡಬ್ಬಿ.

ಹಾಗಾದರೆ ಲೆನಾಕ್ಸ್ ಈ ಆರೋಪದಿಂದ ಪಾರಾದನೇ? ಅದೂ ಇಲ್ಲ. ಆತ ತನ್ನನ್ನು ಸೋಲಿಸಿದ್ದ ಇಬ್ಬರನ್ನೂ, ಆಲಿವರ್ ಮೆಕಾಲ್ ಮತ್ತು ಹಸೀಮ್ ರಹಮಾನ್‌ರನ್ನು, ಮತ್ತೆ ಕರೆದು ಸೋಲಿಸಿದ. 1999ರಲ್ಲಿ ಹೋಲಿಫೀಲ್ಡ್‌ನನ್ನೂ 2002ರಲ್ಲಿ ಮೈಕ್ ಟೈಸನ್‌ನನ್ನೂ ಮಣಿಸಿದ. ಆದರೆ 2003ರ ಜೂನ್ 21ರಂದು ಲಾಸ್ ಏಂಜಲೀಸ್‌ನಲ್ಲಿ ಯುಕ್ರೇನಿನ ವಿಟಾಲಿ ಕ್ಲಿಚ್ಕೊ ಎದುರಾದಾಗ ಕಥೆ ತಿರುಗಿತು. ಆರು ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಪಟ್ಟಿಯಲ್ಲೂ ವಿಟಾಲಿ 58–56ರಿಂದ ಮುಂದಿದ್ದ. ಅವನ ಎಡಗಣ್ಣಿನ ಬಳಿ ಆಗಿದ್ದ ಆಳವಾದ ಗಾಯ ನೋಡಿ ವೈದ್ಯರು ಪಂದ್ಯ ನಿಲ್ಲಿಸಿದರು, ಗೆಲುವು ಲೆನಾಕ್ಸ್‌ನದಾಯಿತು. ಮರುಪಂದ್ಯಕ್ಕೆ ಜಗತ್ತು ಕಾಯಿತು. 2004ರ ಫೆಬ್ರುವರಿಯಲ್ಲಿ ಲೆನಾಕ್ಸ್ ನಿವೃತ್ತಿ ಘೋಷಿಸಿದ. ಮೂವತ್ತೆಂಟರ ವಯಸ್ಸಿನಲ್ಲಿ ಗೌರವದಿಂದ ಮನೆಗೆ ಹೋದದ್ದು ವಿವೇಕ ಎನ್ನುವವರುಂಟು; ಜಟ್ಟಿ ಬೀಳುವ ಮುನ್ನವೇ ಮೀಸೆ ಉಳಿಸಿಕೊಂಡ ಎನ್ನುವವರೂ ಉಂಟು.

ಎಲ್ಲರ ಜೊತೆಗೂ ಆಡಿದರೆ ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಜೋ ಲೂಯಿಯನ್ನು ಕೇಳಬೇಕು. 1937ರಿಂದ 1949ರವರೆಗೆ ಚಾಂಪಿಯನ್ ಆಗಿದ್ದು 25 ಬಾರಿ ಪಟ್ಟ ಉಳಿಸಿಕೊಂಡವನು ಅವನು. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ ತಿಂಗಳಿಗೊಂದರಂತೆ ಏಳು ಪಂದ್ಯ ಆಡಿದ. ಪತ್ರಿಕೆಯವರು ಅದನ್ನೂ ಬಿಡಲಿಲ್ಲ. ‘ತಿಂಗಳಿಗೊಬ್ಬ ದಂಡಪಿಂಡ’ ಎಂಬ ಅರ್ಥದ ಹೆಸರಿಟ್ಟು ಗೇಲಿ ಮಾಡಿದರು. ಆದರೆ ಆ ಸಾಲಿನ ಏಳನೆಯವನು ಬಿಲ್ಲಿ ಕಾನ್. ಲೂಯಿಗಿಂತ ಸುಮಾರು 25 ಪೌಂಡ್ ಹಗುರಾಗಿದ್ದ ಆತ, ಹನ್ನೆರಡು ಸುತ್ತು ಮುಗಿದಾಗ ಮೂವರಲ್ಲಿ ಇಬ್ಬರ ಪಟ್ಟಿಯಲ್ಲಿ ಮುಂದಿದ್ದ. ಹದಿಮೂರನೆಯ ಸುತ್ತಿನಲ್ಲಿ ಲೂಯಿ ಅವನನ್ನು ಕೆಡವಿದ. ಇಂದು ಹೆವಿವೇಟ್ ಇತಿಹಾಸದ ಶ್ರೇಷ್ಠ ಪಂದ್ಯಗಳಲ್ಲಿ ಅದೂ ಒಂದು. ಯಾರ ಕೈಯಲ್ಲಿ ಎಷ್ಟು ಬಲವಿದೆ ಎಂಬುದು ರಿಂಗ್‌ಗೆ ಇಳಿಸಿದ ಮೇಲೇ ತಿಳಿಯುವುದು. ಲೂಯಿ ಮಾಡಿದ್ದು ಅಷ್ಟೇ: ಬಂದವರಿಗೆಲ್ಲ ಅವಕಾಶ ಕೊಟ್ಟ.

ಆ ಅವಕಾಶವೇ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಹ್ಯಾರಿ ವಿಲ್ಸ್‌ನ ಬದುಕು ನೋಡಬೇಕು. ನ್ಯೂ ಆರ್ಲಿಯನ್ಸ್‌ನಲ್ಲಿ 1889ರಲ್ಲಿ ಹುಟ್ಟಿದ ಈ ಕಪ್ಪು ವರ್ಣೀಯ ಬಾಕ್ಸರ್, 1919ರಲ್ಲಿ ಬಿಳಿಯ ಜ್ಯಾಕ್ ಡೆಂಪ್ಸಿ ಪಟ್ಟ ಗೆದ್ದ ಮೇಲೆ ವರ್ಷಗಟ್ಟಲೆ ಅವನ ಪ್ರಮುಖ ಎದುರಾಳಿ ಎನಿಸಿಕೊಂಡಿದ್ದ. ಅದಕ್ಕೆ ಮೊದಲು ಕಪ್ಪು ವರ್ಣೀಯನಾದ ಜ್ಯಾಕ್ ಜಾನ್ಸನ್ ಚಾಂಪಿಯನ್ ಆಗಿದ್ದಾಗ, 1910ರಲ್ಲಿ ಆತ ಜಿಮ್ ಜೆಫ್ರೀಸ್‌ನನ್ನು ಸೋಲಿಸಿದ ದಿನ ಅಮೆರಿಕದ ಹಲವು ಊರುಗಳಲ್ಲಿ ಗಲಭೆ ಎದ್ದು ಜನ ಸತ್ತಿದ್ದರು. ಆ ಪಂದ್ಯದ ಪ್ರಮೋಟರ್ ಟೆಕ್ಸ್ ರಿಕಾರ್ಡ್. ಡೆಂಪ್ಸಿಯ ದೊಡ್ಡ ಪಂದ್ಯಗಳನ್ನು ಏರ್ಪಡಿಸುತ್ತಿದ್ದವನೂ ಆತನೇ.

1922ರಲ್ಲಿ ಒಮ್ಮೆ ಕರಾರಾಯಿತು; ಪಂದ್ಯವಾಗಲಿಲ್ಲ. 1925ರಲ್ಲಿ ಮತ್ತೊಂದು ಕರಾರು. ವಿಲ್ಸ್‌ಗೆ ಮುಂಗಡ ಹಣ ಸಿಕ್ಕಿತು, ಡೆಂಪ್ಸಿಗೆ ಸಿಗಬೇಕಾದದ್ದು ಸಿಗಲಿಲ್ಲ; ಪಂದ್ಯ ಮತ್ತೆ ಬಿದ್ದುಹೋಯಿತು. ವಿಲ್ಸ್‌ನನ್ನು ಎದುರಿಸಲೇಬೇಕು ಎಂದು ನ್ಯೂಯಾರ್ಕ್‌ನ ಬಾಕ್ಸಿಂಗ್ ಆಯೋಗ ಪಟ್ಟು ಹಿಡಿದಾಗ, 1926ರಲ್ಲಿ ಡೆಂಪ್ಸಿಯ ಪಂದ್ಯ ಫಿಲಡೆಲ್ಫಿಯಾಗೆ ಹೋಯಿತು. ಎದುರಾಳಿ ಬೇರೆ, ಜೀನ್ ಟನಿ. ಡೆಂಪ್ಸಿ ಸೋತ. ಅಷ್ಟರಲ್ಲಿ ವಿಲ್ಸ್‌ಗೆ 37 ವರ್ಷ. ಅವನು ಕೊನೆಗೂ ಪಟ್ಟಕ್ಕಾಗಿ ಒಂದು ಸುತ್ತೂ ಆಡಲಿಲ್ಲ. ಪಟ್ಟದ ಬಾಗಿಲು ಮುಚ್ಚಿದ್ದರಿಂದ ಕಪ್ಪು ವರ್ಣೀಯ ಬಾಕ್ಸರ್‌ಗಳು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಸೆಣಸಿ ಹೊಟ್ಟೆ ಹೊರೆಯಬೇಕಿತ್ತು. ವಿಲ್ಸ್ ಮತ್ತು ಸ್ಯಾಮ್ ಲ್ಯಾಂಗ್‌ಫರ್ಡ್ ಹದಿನೈದಕ್ಕೂ ಹೆಚ್ಚು ಬಾರಿ ಎದುರುಬದುರಾದರು. 1915ರಲ್ಲಿ ಜಾನ್ಸನ್ ಕಳೆದುಕೊಂಡ ಪಟ್ಟ ಇನ್ನೊಬ್ಬ ಕಪ್ಪು ವರ್ಣೀಯನ ಕೈಸೇರಲು 1937ರಲ್ಲಿ ಜೋ ಲೂಯಿ ಬರಬೇಕಾಯಿತು.

ಆದ್ದರಿಂದ ಈ ಜಗಳದಲ್ಲಿ ಒಂದು ವಿವೇಚನೆ ಅಗತ್ಯ. ನಡೆಯದ ಪಂದ್ಯಕ್ಕೆಲ್ಲ ಹೇಡಿತನವೇ ಕಾರಣವಲ್ಲ. ಡೆಂಪ್ಸಿ ಹೆದರಿದ ಎನ್ನಲು ಪುರಾವೆಯಿಲ್ಲ. ಹೆದರಿದ್ದು ಹಣ ಹೂಡುವವರು, ಅದೂ ಬಣ್ಣಕ್ಕೆ. 2021ರಲ್ಲಿ ಬ್ರಿಟನ್ನಿನ ಟೈಸನ್ ಫ್ಯೂರಿ ಮತ್ತು ಆಂಟನಿ ಜೋಶುವಾ ಎದುರಾಗಬೇಕಿತ್ತು. ಮೊದಲು ಡಿಯಾಂಟೆ ವೈಲ್ಡರ್ ಜೊತೆ ಮೂರನೆಯ ಪಂದ್ಯ ಆಡಲೇಬೇಕು ಎಂದು ಅಮೆರಿಕದ ಮಧ್ಯಸ್ಥಗಾರರು ಫ್ಯೂರಿಗೆ ತೀರ್ಪಿತ್ತರು. ಆ ವರ್ಷದ ದೊಡ್ಡ ಪಂದ್ಯ ಹಾಗೆ ಕೈತಪ್ಪಿತು. ಇದರಲ್ಲಿ ಹೇಡಿ ಯಾರು?

ಪಟ್ಟಗಳ ಗೊಂದಲ ಇದಕ್ಕೆ ಸೇರಿಕೊಳ್ಳುತ್ತದೆ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಎಂದು ನಾಲ್ಕು ಸಂಸ್ಥೆಗಳು. ಒಂದೊಂದಕ್ಕೂ ಒಬ್ಬೊಬ್ಬ ಕಡ್ಡಾಯ ಎದುರಾಳಿ. ಪ್ರತಿ ಪಂದ್ಯದಲ್ಲೂ ಸಂಸ್ಥೆಗೆ ಶುಲ್ಕ. ಲೆನಾಕ್ಸ್‌ನ ನಂತರ ಮತ್ತೊಬ್ಬ ನಿರ್ವಿವಾದ ಹೆವಿವೇಟ್ ಚಾಂಪಿಯನ್‌ನನ್ನು ಕಾಣಲು 2024ರ ಮೇ 18ರವರೆಗೆ ಕಾಯಬೇಕಾಯಿತು. ಅಂದು ರಿಯಾದ್‌ನಲ್ಲಿ ಯುಕ್ರೇನಿನ ಒಲೆಕ್ಸಾಂಡರ್ ಉಸಿಕ್ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಬೆಲ್ಟ್ ಒಟ್ಟುಗೂಡಿಸಿದ. ಒಂದೂವರೆ ತಿಂಗಳೊಳಗೆ ಐಬಿಎಫ್ ಬೆಲ್ಟನ್ನು ಬಿಟ್ಟುಕೊಡಬೇಕಾಯಿತು. ಫ್ಯೂರಿಗೆ ಮರುಪಂದ್ಯದ ಮಾತು ಕೊಟ್ಟಾಗಿತ್ತು. ಐಬಿಎಫ್‌ನ ಕಡ್ಡಾಯ ಎದುರಾಳಿ ಕಾಯಲು ಸಿದ್ಧನಿರಲಿಲ್ಲ.

ಇಷ್ಟೆಲ್ಲ ತೊಡಕಿನ ನಡುವೆ ಅಭಿಮಾನಿಗಳ ಹರಟೆ ಬರೀ ಕಾಲಹರಣದಂತೆ ಕಾಣಬಹುದು. ಆದರೆ ಈ ಆಟದಲ್ಲಿ ಎದುರಾಳಿಯನ್ನು ಆರಿಸಿದವನನ್ನು ಪ್ರಶ್ನಿಸುವ ನ್ಯಾಯಾಲಯವೆಂದರೆ ಅದೊಂದೇ. ಸಂಸ್ಥೆಗಳಿಗೆ ಶುಲ್ಕ ಬಂದರಾಯಿತು, ಪ್ರಮೋಟರಿಗೆ ಗಲ್ಲಾಪೆಟ್ಟಿಗೆ ತುಂಬಿದರಾಯಿತು. ‘ಅವನ ಜೊತೆ ಯಾಕೆ ಆಡಲಿಲ್ಲ?’ ಎಂದು ಮೂವತ್ತು ವರ್ಷ, ನೂರು ವರ್ಷ ಕಳೆದರೂ ಕೇಳುತ್ತಿರುವವರು ಟಿಕೆಟ್ ಕೊಂಡವರೇ. ಬೋ ಈ ಪ್ರಶ್ನೆಯಿಂದ ಹೆಸರು ಕೆಡಿಸಿಕೊಂಡ, ನಿಜ. ಆದರೆ ಅವನು ಪಟ್ಟವನ್ನೂ ಹಣವನ್ನೂ ಕಂಡವನು. ಇದೇ ಪ್ರಶ್ನೆಯಿಂದ ಹ್ಯಾರಿ ವಿಲ್ಸ್‌ನ ಹೆಸರು ಉಳಿಯಿತು. ಚಾಂಪಿಯನ್‌ಗಳ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದ ಅವನ ಹೆಸರು, ಡೆಂಪ್ಸಿಯ ಮಾತು ಬಂದಾಗಲೆಲ್ಲ ಜೊತೆಯಲ್ಲೇ ಬರುತ್ತದೆ.