ಅನುಪಾತ ಸರಿಯಿದ್ದರೆ ಸಾಕೇ?

ಅನುಪಾತದ ಪಾಠ ಮುಗಿಸುವಾಗ ತರಗತಿಯಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಮಾತು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: 4ಕ್ಕೆ 1 ಎಂದರೂ 400ಕ್ಕೆ 100 ಎಂದರೂ ಅನುಪಾತ ಒಂದೇ, ಮೊತ್ತ ಒಂದೇ ಅಲ್ಲ.

ಮೊನ್ನೆ ಹಳದೀಪುರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ರಕ್ತಪರೀಕ್ಷೆಯ ವರದಿ ಹಿಡಿದು ಬಂದಿದ್ದ. ವಯಸ್ಸು 48. ಅವನ ತಂದೆ 51ಕ್ಕೇ ಹೃದಯಾಘಾತದಿಂದ ತೀರಿಕೊಂಡವರು. "ಸರ್, ಒಟ್ಟು ಕೊಲೆಸ್ಟೆರಾಲ್ 240, ಎಚ್‌ಡಿಎಲ್ 60. ಅನುಪಾತ 4, ನಾರ್ಮಲ್ ಎಂದಿದೆ" ಎಂದು ನಿಶ್ಚಿಂತನಾಗಿದ್ದ.

ನಾನು ಭಾಗಾಕಾರ ಬಿಟ್ಟು ವ್ಯವಕಲನ ಮಾಡಿಸಿದೆ. 240ರಲ್ಲಿ 60 ಕಳೆದರೆ 180. ಇದು ರಕ್ತನಾಳದ ಗೋಡೆಯಲ್ಲಿ ಸಂಚಯವಾಗಬಲ್ಲ ಕಣಗಳು ಹೊತ್ತ ಕೊಲೆಸ್ಟೆರಾಲ್. ಅಪಾಯ ಕಡಿಮೆ ಇರುವವರಲ್ಲೂ ಇದು 130ರೊಳಗಿರಬೇಕು. 160 ಮತ್ತು 40 ಇರುವವನ ಅನುಪಾತವೂ ನಾಲ್ಕೇ. ಅವನ ಶೇಷ ಮಾತ್ರ 120.

ಅನುಪಾತ ನಿರರ್ಥಕವೆಂದು ನನ್ನ ವಾದವಲ್ಲ. ಒಟ್ಟು 180, ಎಚ್‌ಡಿಎಲ್ 30 ಇದ್ದವನನ್ನು ಎಚ್ಚರಿಸುವುದು 6 ಎಂಬ ಅನುಪಾತವೇ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿಯೂ ಅಪೊಬಿ ಮತ್ತು ಅಪೊಎ1 ಎಂಬ ಪ್ರೋಟೀನುಗಳ ಅನುಪಾತ ಹೃದಯಾಘಾತದೊಡನೆ ಬಲವಾದ ಸಂಬಂಧ ತೋರಿತು. ಹಾನಿಕರ ಕಣ ಪ್ರತಿಯೊಂದರಲ್ಲೂ ಒಂದೇ ಒಂದು ಅಪೊಬಿ ಇರುವುದರಿಂದ ಅದನ್ನು ಅಳೆದರೆ ಕಣಗಳನ್ನೇ ಎಣಿಸಿದಂತೆ. ಶರಾವತಿ ಸೇತುವೆಯ ಮೇಲೆ ಒಂದೇ ಹೊರೆಯನ್ನು ಹತ್ತು ಲಾರಿಗಳೂ ಒಯ್ಯಬಹುದು, ನೂರು ರಿಕ್ಷಾಗಳೂ ಒಯ್ಯಬಹುದು. ದಟ್ಟಣೆಯಾಗುವುದು ವಾಹನಗಳ ಸಂಖ್ಯೆಯಿಂದ. ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಡಿಮೆ ಇರುವ ನಮ್ಮವರಲ್ಲಿ ಇಂಥ ಸಣ್ಣ ಕಣಗಳೇ ಅಧಿಕ.

ಅದೇ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಸುಮಾರು ಆರು ವರ್ಷ ಮೊದಲೇ ಬರುತ್ತದೆ. ಭಾರತೀಯ ಹೃದ್ರೋಗತಜ್ಞರ ಸಂಘದ 2024ರ ಮಾರ್ಗಸೂಚಿ, ವಂಶಪಾರಂಪರ್ಯವಾಗಿ ಬರುವ ಲಿಪೊಪ್ರೋಟೀನ್(ಎ) ಎಂಬುದನ್ನು ಪ್ರತಿಯೊಬ್ಬರೂ ಒಮ್ಮೆಯಾದರೂ ಪರೀಕ್ಷಿಸಿಕೊಳ್ಳಲಿ ಎನ್ನುತ್ತದೆ. ತಂದೆಯನ್ನು ಬೇಗ ಕಳೆದುಕೊಂಡವನಿಗೆ ಇದು ಇನ್ನಷ್ಟು ಅಗತ್ಯ. ಸಾಮಾನ್ಯ ವರದಿಯಲ್ಲಿ ಇದು ಇರುವುದಿಲ್ಲ, ಕೇಳಿಯೇ ಮಾಡಿಸಬೇಕು.

ಔಷಧ ಹೇಳುವುದು ವೈದ್ಯರ ಕೆಲಸ, ಮೇಷ್ಟ್ರದಲ್ಲ. ಆದರೆ ನಡುರಾತ್ರಿ ಎದೆನೋವು ಬಂದರೆ ನಮಗೆ ಮಣಿಪಾಲ ನೂರು ಕಿಲೋಮೀಟರಿಗೂ ದೂರ. ಆದ್ದರಿಂದ, ಮಕ್ಕಳೇ, 'ನಾರ್ಮಲ್' ಎಂಬ ಪದ ಕಂಡೊಡನೆ ಕಾಗದ ಮಡಚಿಡಬೇಡಿ. ಒಂದು ವ್ಯವಕಲನ ಮಾಡಿ, ಮನೆತನದ ಇತಿಹಾಸ ಬರೆದುಕೊಂಡು, ಎರಡನ್ನೂ ವೈದ್ಯರ ಮುಂದಿಡಿ. ಅವನು ಹಾಗೆ ಮಾಡುವೆನೆಂದು ಮಾತು ಕೊಟ್ಟು ಹೋಗಿದ್ದಾನೆ. ನೀವೂ ಕೊಡಿ.