ಒಲೆಯ ಬೂದಿ ಹೇಳುವ ಸಾಕ್ಷಿ

ಒಲೆಯಲ್ಲಿ ಬೂದಿ ಇದೆ. ಹಾಗಾದರೆ ಈಗ ಬೆಂಕಿ ಉರಿಯುತ್ತಿದೆಯೇ? ಒಂಬತ್ತನೇ ತರಗತಿಯ ಹುಡುಗನನ್ನು ಕೇಳಿದರೂ ನಕ್ಕುಬಿಡುತ್ತಾನೆ. ಆದರೆ ಅಮೆರಿಕದಲ್ಲಿ ಇಂಥ ಬೂದಿಯನ್ನೇ ನೋಡಿ ಎಷ್ಟೋ ಜನರನ್ನು ಕೆಲಸದಿಂದ ತೆಗೆಯಲಾಗಿದೆ.

ಅಲ್ಲಿ 1986ರಲ್ಲಿ ಅಧ್ಯಕ್ಷ ರೇಗನ್ ಅವರು ಕೇಂದ್ರ ಸರ್ಕಾರದ ನೌಕರರು ಮಾದಕ ವಸ್ತುಗಳನ್ನು ಮುಟ್ಟಬಾರದೆಂದು ಆದೇಶ ಹೊರಡಿಸಿದರು. ಮುಂದೆ ಖಾಸಗಿ ಕಂಪನಿಗಳಲ್ಲೂ ಮೂತ್ರ ಪರೀಕ್ಷೆ ವ್ಯಾಪಕವಾಯಿತು. 2012ರಲ್ಲಿ ಕೊಲರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳ ಮತದಾರರು ವಯಸ್ಕರ ಗಾಂಜಾ ಸೇವನೆಗೆ ಒಪ್ಪಿಗೆ ಕೊಟ್ಟರು. ರಾಜ್ಯ ಒಪ್ಪಿದ್ದನ್ನು ಮಾಲೀಕ ಶಿಕ್ಷಿಸಬಹುದೇ ಎಂಬ ಪ್ರಶ್ನೆಗೆ ಆಗ ಬಲ ಬಂತು.

ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕು. ಮದ್ಯ ನೀರಿನಲ್ಲಿ ಬೆರೆಯುವ ವಸ್ತು. ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಉಸಿರಿನಲ್ಲೂ ಬರುತ್ತದೆ. ಕೆಲವು ಗಂಟೆಗಳಲ್ಲಿ ಕರಗಿಹೋಗುತ್ತದೆ. ಗಾಂಜಾದ ಅಮಲಿಗೆ ಕಾರಣವಾದ ಟಿಎಚ್‌ಸಿ ಹಾಗಲ್ಲ. ಅದು ಕೊಬ್ಬಿನಲ್ಲಿ ಕರಗುತ್ತದೆ. ಸೇದಿದವನ ಅಮಲು ಕೆಲವು ಗಂಟೆಗಳಲ್ಲಿ ಇಳಿದರೂ ಟಿಎಚ್‌ಸಿ ದೇಹದ ಕೊಬ್ಬಿನಲ್ಲಿ ಅಡಗಿ ಕೂರುತ್ತದೆ. ಯಕೃತ್ತು ಅದನ್ನು ಅಮಲಿಲ್ಲದ ಬೇರೊಂದು ಆಮ್ಲವಾಗಿ ಬದಲಿಸಿ, ನಿಧಾನವಾಗಿ ಮೂತ್ರದಲ್ಲಿ ಹೊರಹಾಕುತ್ತದೆ. ಅಪರೂಪಕ್ಕೆ ಸೇದುವವನಲ್ಲಿ ಇದು ಕೆಲವು ದಿನ, ನಿತ್ಯ ಸೇದುವವನಲ್ಲಿ ಹಲವು ವಾರ ಕಾಣುತ್ತದೆ. ಮೂತ್ರ ಪರೀಕ್ಷೆ ಹಿಡಿಯುವುದು ಈ ಆಮ್ಲವನ್ನೇ. ಅಂದರೆ, ಬೂದಿಯನ್ನು!

ಕೊಲರಾಡೊದಲ್ಲಿ ಒಬ್ಬ ಯುವಕ. ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ತಪ್ಪಿ ಗಾಲಿಕುರ್ಚಿ ಹಿಡಿದವನು. ಕಂಪನಿಯೊಂದರಲ್ಲಿ ಫೋನಿನ ಮೂಲಕ ಗ್ರಾಹಕರಿಗೆ ಉತ್ತರ ಕೊಡುವ ಕೆಲಸ. ಸ್ನಾಯುಸೆಳೆತಕ್ಕೆ ಗಾಂಜಾ ಬಳಸಲು ರಾಜ್ಯದ ಪರವಾನಗಿ ಇತ್ತು. ಸೇದುತ್ತಿದ್ದುದು ಕೆಲಸ ಮುಗಿದ ಮೇಲೆ, ಮನೆಯಲ್ಲಿ ಎಂದು ಆತ ಹೇಳಿದ. ಆದರೂ 2010ರ ಪರೀಕ್ಷೆಯಲ್ಲಿ ಟಿಎಚ್‌ಸಿ ಕಂಡಿತು, ಕೆಲಸ ಹೋಯಿತು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು. ಕೇಂದ್ರದ ಕಾನೂನು ಒಪ್ಪದ್ದನ್ನು ‘ಕಾನೂನುಬದ್ಧ’ ಎನ್ನಲಾಗದು ಎಂಬುದು ನ್ಯಾಯಾಧೀಶರ ಕಾರಣ. ಆತ ಅಮಲಿನಲ್ಲಿದ್ದನೇ ಎಂಬ ಪ್ರಶ್ನೆಯ ಮೇಲೆ ತೀರ್ಪು ನಿಲ್ಲಲೇ ಇಲ್ಲ.

ಮಾಲೀಕರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಅಮಲೇರಿದವನ ಕೈಗೆ ಕ್ರೇನ್ ಕೊಡುವವರುಂಟೇ? ತೊಂದರೆಯೆಂದರೆ, ಮದ್ಯಕ್ಕಿರುವಂತೆ ಗಾಂಜಾದ ಅಮಲನ್ನು ನೆಚ್ಚಿಕೆಯಿಂದ ಅಳೆಯುವ ಉಸಿರು ಪರೀಕ್ಷೆ ಇಲ್ಲ. ರಕ್ತದಲ್ಲಿನ ಟಿಎಚ್‌ಸಿ ಪ್ರಮಾಣವೂ ಅಮಲಿನ ಮಟ್ಟವೂ ಜೊತೆಜೊತೆಯಾಗಿ ಏರಿಳಿಯುವುದಿಲ್ಲ.

ಕ್ಯಾಲಿಫೋರ್ನಿಯಾ ಹಿಡಿದ ದಾರಿ ಗಮನಿಸಿ. 2024ರ ಜನವರಿ 1ರಿಂದ ಅಲ್ಲಿ, ಕಟ್ಟಡ ನಿರ್ಮಾಣದಂಥ ಕೆಲವು ಕೆಲಸಗಳನ್ನು ಬಿಟ್ಟು, ಅಮಲಿಲ್ಲದ ಈ ಉಳಿಕೆಯೊಂದನ್ನೇ ನೆಪ ಮಾಡಿ ನೌಕರಿ ತಪ್ಪಿಸುವಂತಿಲ್ಲ. ಕೆಲಸದ ವೇಳೆ ಅಮಲಿನಲ್ಲಿರಲು ಮಾತ್ರ ಯಾರಿಗೂ ಅನುಮತಿಯಿಲ್ಲ. ವಿಜ್ಞಾನದ ಮೇಷ್ಟರಾದ ನನಗೆ ಇದು ಸರಿಯೆನಿಸುತ್ತದೆ. ತಕ್ಕಡಿ ಎಷ್ಟೇ ಒಳ್ಳೆಯದಿರಲಿ, ಅದರಲ್ಲಿ ಜ್ವರ ಅಳೆಯಲಾಗದಲ್ಲವೇ?