ಎತ್ತಿನ ಹೆಗಲು ನೋಡುವ ನಾವು ಬೈಕಿನ ಸೀಟು ನೋಡುವುದಿಲ್ಲ

ಎತ್ತಿನ ಹೆಗಲು ಬಾತರೆ ನಾವು ಸುಮ್ಮನಿರುವುದಿಲ್ಲ. ನೊಗ ಕೆರೆದು ನುಣುಪು ಮಾಡುತ್ತೇವೆ. ಹಳೇ ಕಂಬಳಿ ತುಂಡು ಸುತ್ತುತ್ತೇವೆ. ನಾಲ್ಕು ದಿನ ಹೂಡದೆ ಬಿಡುತ್ತೇವೆ. ಆದರೆ ಬೆಳಗಾದರೆ ನಾವೇ ಹತ್ತಿ ಕೂರುವ ಬೈಕಿನ ಸೀಟು ಹೇಗಿದೆ ಅಂತ ಯಾರೂ ನೋಡುವುದಿಲ್ಲ. ಮೈಲೇಜು ಎಷ್ಟು, ಎಷ್ಟು ಮೂಟೆ ಹೇರಬಹುದು ಅಂತ ಕೇಳಿ ಬೈಕು ತರುತ್ತೇವೆ. ಸೊಂಟ ಹಿಡಿದ ಮೇಲೆ ವಯಸ್ಸಾಯ್ತು ಅಂತೀವಿ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ನಾನು ಪೆಟ್ಟು ತಿಂದು ಕಲಿತದ್ದು.

ನನ್ನದು ಚಳ್ಳಕೆರೆ ಸೀಮೆಯ ಒಣಬೇಸಾಯ. ಶೇಂಗಾ, ತೊಗರಿ, ಸ್ವಲ್ಪ ರಾಗಿ. ಮಳೆ ನಂಬಿದವನಿಗೆ ಊರಲ್ಲೇ ಕೂತರೆ ನಡೆಯೋದಿಲ್ಲ. ಬೀಜ ವಿಚಾರಿಸಲು ಹಿರಿಯೂರಿನ ಬಬ್ಬೂರು ಫಾರಂ, ಕಾಗದಪತ್ರಕ್ಕೆ ಚಿತ್ರದುರ್ಗ, ಮಾಲು ಮಾರಲು ಚಳ್ಳಕೆರೆ. ಮಗಳನ್ನು ಕೊಟ್ಟಿರುವುದು ಬಳ್ಳಾರಿ ಕಡೆಗೆ, ಒಂದು ಹೊಡೆತಕ್ಕೆ ಸುಮಾರು ನೂರು ಕಿ.ಮೀ. ನಮ್ಮೂರಿಗೆ ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಹಾಗಾಗಿ ಎಲ್ಲದಕ್ಕೂ ನೂರು ಸಿಸಿ ಬೈಕೇ ಗತಿ.

ಐದು ವರ್ಷದ ಹಿಂದೆ ಬಳ್ಳಾರಿಯಿಂದ ಬಂದವನಿಗೆ ಬೈಕಿನಿಂದ ಕಾಲು ತೆಗೆಯೋಕೆ ಆಗಲಿಲ್ಲ. ಪಿರ್ರೆ ಜೋಮು ಹಿಡಿದು, ತೊಡೆ ಹಿಂದೆ ಉರಿ. ಮಾರನೇ ದಿನ ಕುಂಟೆ ಹಿಡಿಯಲಾಗದೆ ಆಳು ಕರೆಯಬೇಕಾಯ್ತು. ಸೀಟು ಸರಿ ಮಾಡಿಸಲೇಬೇಕು ಅಂತ ಆವತ್ತು ನಿಶ್ಚಯಿಸಿದೆ.

ಮೆತ್ತಗಿದ್ದರೆ ಸುಖ ಅಂದುಕೊಂಡೆ

ಪೇಟೆಯ ಸೀಟು ಹೊಲಿಯುವವನ ಹತ್ತಿರ ಹೋಗಿ, ಇದ್ದ ಸೀಟಿನ ಮೇಲೆ ಎರಡು ಇಂಚು ಮೆತ್ತನೆ ಸ್ಪಂಜು ಹಾಕಿಸಿದೆ. ಮೇಲೆ ಮಿರಿಮಿರಿ ಮಿಂಚುವ ರೆಕ್ಸಿನ್. 450 ರೂಪಾಯಿ ಕೊಟ್ಟೆ. ಕೂತ ತಕ್ಷಣ ಹತ್ತಿ ಮೂಟೆ ಮೇಲೆ ಕೂತಂಗಿತ್ತು. ಹತ್ತು ಕಿ.ಮೀ. ಚೆನ್ನಾಗಿತ್ತು. ಆಮೇಲೆ ಮೊದಲಿಗಿಂತ ಹೆಚ್ಚು ನೋವು.

ಕಾರಣ ನಿಧಾನಕ್ಕೆ ತಿಳಿಯಿತು. ಕೂತಾಗ ನಮ್ಮ ಭಾರ ಹೆಚ್ಚಾಗಿ ಬೀಳುವುದು ಪಿರ್ರೆಯ ಎರಡು ಮೂಳೆಗಳ ಮೇಲೆ. ಮೆತ್ತನೆ ಸ್ಪಂಜು ಆ ಎರಡು ಕಡೆ ಪೂರಾ ಅದುಮಿ ತಳ ಮುಟ್ಟುತ್ತದೆ. ಮೂಳೆಗೂ ಸೀಟಿನ ತಗಡಿಗೂ ನಡುವೆ ಮಾಂಸ ಸಿಕ್ಕಿ ರಕ್ತ ಓಡುವುದಿಲ್ಲ, ಜೋಮು ಹಿಡಿಯುತ್ತದೆ. ಶೇಂಗಾ ಮೂಟೆ ಮೇಲೆ ಕೂತು ನೋಡಿ. ಮೂಟೆ ಗಟ್ಟಿ, ಆದರೆ ಕಾಯಿ ಸರಿದು ನಮ್ಮ ಆಕಾರಕ್ಕೆ ಕೂಡುತ್ತದೆ, ಭಾರ ಹರಡುತ್ತದೆ. ನೊಗಕ್ಕೆ ಸುತ್ತುವ ಕಂಬಳಿಯ ಗುಟ್ಟೂ ಇದೇ. ಮೆತ್ತಗಿರುವುದು ಮುಖ್ಯವಲ್ಲ, ಭಾರ ಹರಡುವುದು ಮುಖ್ಯ.

ನನ್ನ ನೋವು ನನಗೇ ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಸೀಟು ಹಿಂದೆ ಎತ್ತರವಾಗಿ ಮುಂದಕ್ಕೆ ಇಳಿಜಾರಾಗಿತ್ತು. ನಮ್ಮ ಹೆಂಗಸರು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರು. ಊರ ಬಾಗಿಲಲ್ಲೇ ಹಂಪಿನ ಮೇಲೆ ಬೈಕು ಎಗರಿತು. ರೆಕ್ಸಿನ್ ಜಾರಿ ನನ್ನ ಹೆಂಡತಿ ಕೆಳಗೆ ಬಿದ್ದಳು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಆ ವರ್ಷ ಶೇಂಗಾ ಕಳೆ ತೆಗೆಯಲು ಅವಳು ಕೂರಲಾಗಲಿಲ್ಲ. ನನ್ನ ಸುಖಕ್ಕೆ ಸೀಟು ಮಾಡಿಸುವಾಗ ಹಿಂದೆ ಕೂರುವವಳನ್ನು ಒಂದು ಮಾತು ಕೇಳಿರಲಿಲ್ಲ. ಈ ತಪ್ಪು ಸೀಟು ಹೊಲಿದವನದಲ್ಲ, ನನ್ನದು.

ಎರಡನೇ ಸಲ ಮಾಡಿಸಿದ್ದು

ನಡುವೆ ಸೈಕಲ್ ಟ್ಯೂಬು ಮಡಿಸಿ ಸ್ವಲ್ಪ ಗಾಳಿ ತುಂಬಿ ಕವರಿನ ಅಡಿ ಇಟ್ಟೂ ನೋಡಿದೆ. ಗುಂಡಿಯಲ್ಲಿ ಚೆಂಡಿನಂಗೆ ಎಗರಿಸಿತು, ತೆಗೆದು ಬಿಸಾಕಿದೆ. ಆಮೇಲೆ ಬೇರೆ ಅಂಗಡಿಯಲ್ಲಿ 900 ರೂಪಾಯಿ ಕೊಟ್ಟು, ಪಕ್ಕದಲ್ಲೇ ನಿಂತು ಹೀಗೆ ಮಾಡಿಸಿದೆ. ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ.

ಮೆತ್ತನೆ ಸ್ಪಂಜು ಪೂರಾ ತೆಗೆಸಿದೆ. ತಳಕ್ಕೆ ಚೂರು ಸ್ಪಂಜನ್ನು ಒತ್ತಿ ಮಾಡಿದ ಗಟ್ಟಿ ಹಾಳೆ, ಅದರ ಮೇಲೆ ಅರ್ಧ ಇಂಚು ಮಾತ್ರ ಮೆತ್ತನೆಯದು. ಪಿರ್ರೆ ಊರುವ ಕಡೆ ಅಗಲ, ತೊಡೆ ಬರುವ ಕಡೆ ಕಿರಿದು. ಕಾಲು ನೆಲಕ್ಕೆ ಪೂರಾ ಊರುವಷ್ಟೇ ಎತ್ತರ. ಹಿಂದಿನ ಸೀಟು ಸಮತಟ್ಟು. ಮೇಲೆ ನುಣುಪಲ್ಲದ, ಜಾರದ ಬಟ್ಟೆ. ನಮ್ಮ ಬಿಸಿಲಿಗೆ ಕರೀ ರೆಕ್ಸಿನ್ ಹಂಚಿನಂತೆ ಕಾಯುತ್ತದೆ. ಅದಕ್ಕೆ ದೂರ ಹೋಗುವಾಗ ಕುರಿ ಉಣ್ಣೆಯ ಕಂಬಳಿ ತುಂಡು ಮಡಿಸಿ ಬಿಗಿಯಾಗಿ ಕಟ್ಟುತ್ತೇನೆ. ಉಣ್ಣೆ ಬೆವರು ಹೀರುತ್ತದೆ, ಗಾಳಿ ಆಡುತ್ತದೆ. ಚಳ್ಳಕೆರೆ ಕಂಬಳಿ ಹೆಸರಾದದ್ದು, ನಮಗೆ ಅದು ದೂರದ್ದಲ್ಲ. ಮಳೆಯಲ್ಲಿ ಮಾತ್ರ ನೆನೆದು ಭಾರವಾಗುತ್ತದೆ, ಬಿಚ್ಚಿಡಬೇಕು. ಲಾರಿಯವರು ಹಾಕುವ ಮರದ ಮಣಿಯ ಹೊದಿಕೆಯೂ ಗಾಳಿಗೆ ಒಳ್ಳೆಯದೇ. ಆದರೆ ಒಂದೇ ಕಡೆ ಕಾಲು ಹಾಕಿ ಕೂರುವವರಿಗೆ ಜಾರುವ ಭಯ ಇರುವುದರಿಂದ ನಾನು ಹಾಕಲಿಲ್ಲ.

ಇಷ್ಟಾದರೂ ಕುಲುಕು ನಿಂತಿರಲಿಲ್ಲ. ಮೆಕ್ಯಾನಿಕ್ ಹುಡುಗ ತೋರಿಸಿದ ಮೇಲೆ ಗೊತ್ತಾಯ್ತು. ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಹಲ್ಲು ಹಲ್ಲಾಗಿ ಮೆಟ್ಟಿಲು ಇರುತ್ತವೆ. ಎಂದೋ ಎರಡು ಮೂಟೆ ಗೊಬ್ಬರ ತರಲು ಅದನ್ನು ಪೂರಾ ಬಿಗಿ ಮಾಡಿಸಿದ್ದೆ, ವಾಪಸ್ ಇಳಿಸಿರಲೇ ಇಲ್ಲ. ಎರಡು ಮೆಟ್ಟಿಲು ಇಳಿಸಿದ. ಟೈರಿನ ಗಾಳಿಯೂ ಹೆಚ್ಚಾಗಿತ್ತು, ಕಂಪನಿ ಹೇಳಿದಷ್ಟಕ್ಕೆ ತಂದ. ಇದಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ. ಹಾಗಾಗಿ ಸೀಟಿಗೆ ಕೈ ಹಾಕುವ ಮೊದಲು ಇವೆರಡನ್ನು ನೋಡಿ.

ಕಂಪನಿಗಳಿಗೆ ಒಂದು ಮಾತು

ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಾಗುತ್ತಿದ್ದವು. ಅವುಗಳ ಸೀಟು ಉದ್ದಕ್ಕೆ, ಹೆಚ್ಚೂಕಡಿಮೆ ಸಮತಟ್ಟು. ಹಳೇ ಬುಲೆಟ್ಟಿನಲ್ಲಿ ಓಡಿಸುವವನ ಸೀಟಿನಡಿ ಸೈಕಲ್ಲಿನಂತೆ ಸ್ಪ್ರಿಂಗು ಇರುತ್ತಿತ್ತು. ಈಗ ಎಷ್ಟೋ ಹೊಸ ಬೈಕುಗಳಲ್ಲಿ ಹಿಂದಿನ ಸೀಟು ಕಿರಿದಾಗಿ ಮೇಲಕ್ಕೆ ಎದ್ದಿರುತ್ತದೆ. ನೋಡೋಕೆ ಚೆಂದ, ಸೀರೆಯವರು ಕೂರೋಕೆ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರುವವರಿಗೆ ಹಿಡಿ, ಪಾದ ಊರಲು ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ಅರ್ಧ ಚಕ್ರಕ್ಕಾದರೂ ಮರೆ ಇರಲೇಬೇಕು. ಕೊಳ್ಳುವಾಗ ಇವನ್ನು ಕೇಳಿ ನೋಡಿ. ಹಳ್ಳಿಯವರಿಗೂ ಇಷ್ಟು ಬೈಕು ಮಾರುವ ಕಂಪನಿಗಳು ಅಗಲ ಸೀಟು, ಕಿರಿದು ಸೀಟು ಎರಡನ್ನೂ ಇಟ್ಟು ಆರಿಸಿಕೊಳ್ಳಿ ಅನ್ನಬಾರದೇಕೆ? ನಾವು ಕೇಳದಿದ್ದರೆ ಅವರು ಕೊಡುವುದಿಲ್ಲ.

ಎಂಥ ಸೀಟಾದರೂ ಒಂದು ಗಂಟೆಗೊಮ್ಮೆ ಇಳಿದು ಹತ್ತು ಹೆಜ್ಜೆ ನಡೆಯಲೇಬೇಕು. ಗುಂಡಿ ಕಂಡರೆ ಪಾದದ ಮೇಲೆ ಭಾರ ಕೊಟ್ಟು ಸ್ವಲ್ಪ ಏಳಬೇಕು. ಎತ್ತನ್ನೂ ನಾವು ದಿನವಿಡೀ ಬಿಡದೆ ಹೂಡುವುದಿಲ್ಲವಲ್ಲ!

ಈಗ ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಿ ಬರುತ್ತೇವೆ. ಮಾರನೇ ದಿನ ಹೊಲಕ್ಕೂ ಹೋಗುತ್ತೇನೆ. ಹೆಂಡತಿ ಹಿಂದೆ ಕೂರಲು ಒಪ್ಪಿದ್ದಾಳೆ, ಆದರೆ ಹಂಪು ಬಂದರೆ ಈಗಲೂ ನನ್ನ ಭುಜ ಗಟ್ಟಿ ಹಿಡಿಯುತ್ತಾಳೆ. ಯಾರಾದರೂ ಇದಕ್ಕಿಂತ ಚೆನ್ನಾಗಿ, ಕಡಿಮೆ ಖರ್ಚಲ್ಲಿ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ನಾನೂ ಕಲಿಯುತ್ತೇನೆ.